ನನ್ನ ಗಾಣ, ಅವಳ ಸಂಬಳ

ನಮಸ್ಕಾರ. ಈಗೀಗ ಯಾವ ವಿಡಿಯೋ ತೆರೆದರೂ ಒಂದೇ ಮಾತು. ಕೆಲಸ ಬಿಡಿ, ಸ್ವಂತ ಬಿಸಿನೆಸ್ ಮಾಡಿ, ಎಷ್ಟು ದಿನ ಅಂತ ಇನ್ನೊಬ್ಬರ ಕೈಕೆಳಗೆ ದುಡಿಯುತ್ತೀರಿ? ನಾನೂ ಬಿಟ್ಟವನೇ. ಒಂಬತ್ತು ವರ್ಷ ಆಫೀಸಿನಲ್ಲಿ ಲೆಕ್ಕ ಬರೆದು, ಆಮೇಲೆ ತುಮಕೂರಿನಲ್ಲಿ ಮರದ ಗಾಣ ಹಾಕಿದೆ. ಕಡ್ಲೆಕಾಯಿ ಎಣ್ಣೆ. ಎತ್ತು ಗಿತ್ತು ಏನಿಲ್ಲ, ಮೋಟಾರ್ ಗಾಣ.

ಖುಷಿ ಇದೆಯಾ? ಇದೆ, ಸುಳ್ಳು ಯಾಕೆ ಹೇಳಲಿ. ಆದರೆ 'ನನಗೆ ನಾನೇ ಬಾಸ್' ಅನ್ನುವುದೆಲ್ಲ ಸುಮ್ನೆ. ಮೊದಲು ಒಬ್ಬ ಮ್ಯಾನೇಜರ್ ಇದ್ದ. ಈಗ ಬೀಜ ಕೊಡುವ ಮಂಡಿಯವರು, ಎಣ್ಣೆ ಒಯ್ಯುವ ಅಂಗಡಿಯವರು, ಬ್ಯಾಂಕಿನವರು, ತಿಂಗಳ 20ನೇ ತಾರೀಖಿಗೆ ಜಿಎಸ್‌ಟಿ, ಎಲ್ಲರೂ ಬಾಸ್‌ಗಳೇ. ಒಂದು ಲೀಟರ್ ಎಣ್ಣೆಗೆ ಹೆಚ್ಚುಕಮ್ಮಿ ಎರಡೂವರೆ ಕೆಜಿ ಬೀಜ ಬೇಕು, ಉಳಿದ ಹಿಂಡಿಯನ್ನು ಹಸು ಸಾಕುವವರು ಒಯ್ಯದಿದ್ದರೆ ನನ್ನ ಲೆಕ್ಕವೇ ಕೂಡುವುದಿಲ್ಲ. ಸಣ್ಣ ಉದ್ದಿಮೆಗೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಕಾನೂನೇ ಇದೆ. ಅದನ್ನು ಅಂಗಡಿಯವರಿಗೆ ತೋರಿಸಿ ನೋಡಿ, ಮುಂದಿನ ಆರ್ಡರ್ ಬರಲ್ಲ.

ಮತ್ತೆ ಖುಷಿ ಎಲ್ಲಿ? ಒಂದು ದಿನ ವಯಸ್ಸಾದ ಅಮ್ಮ ಒಬ್ಬರು ಕ್ಯಾನ್ ವಾಪಸ್ ತಂದು ಮೇಜಿನ ಮೇಲೆ ಕುಕ್ಕಿದರು. "ಕಮಟು ಹೊಡೀತಿದೆ, ನೋಡಪ್ಪ." ಮೂಸಿದೆ, ನಿಜ. ಅವತ್ತು ರಾತ್ರಿ ಹನ್ನೊಂದರವರೆಗೆ ಒಂದೊಂದೇ ಚೀಲ ಬಿಚ್ಚಿ, ತೇವ ಹಿಡಿದಿದ್ದ ಎರಡು ಚೀಲ ಹುಡುಕಿ ತೆಗೆದೆ. ಆಫೀಸಿನಲ್ಲಿ ತಪ್ಪಾದರೆ ಐದು ಜನರಿಗೆ ಕಾಪಿ ಹಾಕಿ ಮೇಲ್ ಬರುತ್ತಿತ್ತು, ಯಾರ ತಪ್ಪು ಅನ್ನುವುದು ತೀರ್ಮಾನವಾಗುವ ಹೊತ್ತಿಗೆ ತಪ್ಪೇ ಮರೆತುಹೋಗಿರುತ್ತಿತ್ತು. ಇಲ್ಲಿ ತಪ್ಪು ನನ್ನದು, ಸರಿ ಮಾಡುವ ಕೈಯೂ ನನ್ನದೇ. ಅವತ್ತು ನಷ್ಟವಾಗಿತ್ತು, ಆದರೂ ಅಷ್ಟು ಚೆನ್ನಾಗಿ ನಿದ್ದೆ ಬಂದಿದ್ದು ಕಡಿಮೆ.

ಇಷ್ಟಕ್ಕೇ ನಿಲ್ಲಿಸಿದರೆ ನಾನೂ ಆ ವಿಡಿಯೋದವರ ಸಾಲಿಗೇ ಸೇರುತ್ತೇನೆ.

1981ರಲ್ಲಿ ಸುಧಾ ಮೂರ್ತಿ ಕೊಟ್ಟ 10,000 ರೂಪಾಯಿಯಿಂದ ಇನ್ಫೋಸಿಸ್ ಶುರುವಾದ ಕಥೆ ಎಲ್ಲರಿಗೂ ಬಾಯಿಪಾಠ ಅಲ್ವಾ? ಆ ದುಡ್ಡು ಬಂದಿದ್ದು ಎಲ್ಲಿಂದ? ಅವರು ಕೆಲಸಕ್ಕೆ ಹೋಗಿ ಉಳಿಸಿದ್ದು. ಮೂರು ವರ್ಷ ಮನೆ ಖರ್ಚು ತಾನು ನೋಡಿಕೊಳ್ಳುತ್ತೇನೆ ಅಂತಲೂ ಹೇಳಿದ್ದರು. ಅಂದರೆ ಅಷ್ಟು ದೊಡ್ಡ ಕಂಪನಿಯ ಬುಡದಲ್ಲೂ ಒಂದು ಸಂಬಳವಿದೆ. ಸಂಬಳದವರನ್ನು 'ಗುಲಾಮರು' ಅನ್ನುವ ಮಹಾನುಭಾವರು ಈ ಭಾಗವನ್ನು ಮಾತ್ರ ಹಾರಿಸಿಬಿಡುತ್ತಾರೆ.

ನನ್ನ ಕಥೆಯೂ ಅದೇ, ಸೊನ್ನೆಗಳು ಕಡಿಮೆ ಅಷ್ಟೇ. ನನ್ನ ಹೆಂಡತಿ ಶಾಲೆಯಲ್ಲಿ ಟೀಚರ್. ಮೊದಲ ಎರಡು ವರ್ಷ ಬಾಡಿಗೆ, ದಿನಸಿ, ಮಗಳ ಫೀಸು ಎಲ್ಲ ಅವಳ ಸಂಬಳದಲ್ಲೇ ನಡೆಯಿತು. ಗಾಣಕ್ಕೆ ಸಾಲ ಕೇಳಲು ಹೋದಾಗ ನಾನು ವಾರಗಟ್ಟಲೆ ಕೂತು ಬರೆದಿದ್ದ ಪ್ರಾಜೆಕ್ಟ್ ರಿಪೋರ್ಟ್ ಅನ್ನು ಸಾಹೇಬರು ಪಕ್ಕಕ್ಕಿಟ್ಟು ಅವಳ ಸಂಬಳದ ಸ್ಲಿಪ್ ಕೇಳಿದರು. ನನಗೆ ಸಿಕ್ಕ ತೃಪ್ತಿಗೆ ಅವಳು ತಿಂಗಳು ತಿಂಗಳು ಕಂತು ಕಟ್ಟಿದ್ದಾಳೆ. ಅವಳಿಗೆ ಆ ಕೆಲಸದಲ್ಲಿ ತೃಪ್ತಿ ಇದೆಯಾ ಅಂತ ನಾನು ಒಂದು ಸಲವೂ ಕೇಳಿರಲಿಲ್ಲ.

ಮೊನ್ನೆ ಊಟ ಬಡಿಸುತ್ತಾ ಅವಳೇ ಕೇಳಿದಳು, "ನಾನೂ ಕೆಲಸ ಬಿಟ್ಟು ಸ್ವಂತ ಟ್ಯೂಷನ್ ಶುರು ಮಾಡ್ಲಾ?"

ಊರಿಗೆಲ್ಲ ಬಿಸಿನೆಸ್ ಬುದ್ಧಿ ಹೇಳುವ ನಾನು ತುತ್ತು ಕೈಯಲ್ಲಿ ಹಿಡಿದುಕೊಂಡು, "ಮಾರ್ಚ್ ಕಳೀಲಿ, ನೋಡೋಣ" ಅಂದೆ.