ಹಳದಿ ಕಫ ಕಂಡ ಕೂಡಲೇ…

ಎಲ್ಲರಿಗೂ ನಮಸ್ಕಾರ. ಜಯನಗರದ ಈ ಸಭಾಂಗಣಕ್ಕೆ ಬರುವ ದಾರಿಯ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಸೊಂಟದೆತ್ತರ ಬೆಳೆದು ಹೂಬಿಟ್ಟಿದೆ. ಅದರ ಪರಾಗ ನನಗೂ ಆಗಿಬರುವುದಿಲ್ಲ. ನಡುವೆ ಸೀನಿದರೆ ಕ್ಷಮಿಸಿ.

ಬೆಂಗಳೂರಿನಲ್ಲಿ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಅಸ್ತಮಾ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಆಯಿತು ಎನ್ನುತ್ತದೆ ಡಾ. ಎಚ್. ಪರಮೇಶ್ ಅವರ ಅಧ್ಯಯನ.

ಹೋದ ತಿಂಗಳು ಒಬ್ಬ ತಾಯಿ ಹನ್ನೊಂದು ವರ್ಷದ ಮಗನನ್ನು ಕರೆತಂದಿದ್ದರು. ಪ್ಲಾಸ್ಟಿಕ್ ಕವರನ್ನು ನನ್ನ ಮೇಜಿನ ಮೇಲೆ ಬೋರಲು ಹಾಕಿದರು. ಆ್ಯಂಟಿಬಯೋಟಿಕ್‌ನ ಐದು ಖಾಲಿ ಬಾಟಲಿ, ಜೊತೆಗೆ ಸೀಲೂ ಒಡೆಯದ ಒಂದು ಇನ್‌ಹೇಲರ್. "ಇವನಿಗೆ ಇಮ್ಯುನಿಟಿ ಕಮ್ಮಿ ಡಾಕ್ಟ್ರೇ. ಕಫ ಹಳದಿ ಬಂದ್ರೆ ಇನ್‌ಫೆಕ್ಷನ್ ಅಲ್ವಾ?" ಅಂದರು.

ಆ ಕಫವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡಿದೆವು. ಗುಲಾಬಿ ರವೆ ತುಂಬಿದಂಥ ಇಯೊಸಿನೊಫಿಲ್ ಎಂಬ ಬಿಳಿರಕ್ತ ಕಣಗಳೇ ಎಲ್ಲೆಲ್ಲೂ. ನಡುನಡುವೆ ಎರಡೂ ತುದಿ ಚೂಪಾದ ಹರಳುಗಳು. ಆ ಕಣಗಳು ಒಡೆದು ಚೆಲ್ಲಿದ ಪ್ರೊಟೀನ್ ಅದು. ಬ್ಯಾಕ್ಟೀರಿಯಾ ಇಲ್ಲದೆಯೂ ಈ ಕಣಗಳಿಂದಲೇ ಕಫ ಹಳದಿಯಾಗುತ್ತದೆ. ಇಮ್ಯುನಿಟಿ ಕಮ್ಮಿಯಾಗಿರಲಿಲ್ಲ. ಹೊಟ್ಟೆಹುಳದ ಮೇಲೆ ಬಿಡಬೇಕಾದ ಬಾಣವನ್ನು ಅದು ದೂಳಿನ ಮೇಲೆ ಬಿಡುತ್ತಿತ್ತು. ಇದೇ ಅಲರ್ಜಿ, ಅವನ ಅಸ್ತಮಾದ ಮೂಲ.

ಹಾಗಾದರೆ ನಿಜವಾದ ಬ್ಯಾಕ್ಟೀರಿಯಾ ಬಂದಾಗ? ಇಲ್ಲಿ ಉತ್ತರ ನೇರವಾಗಿಲ್ಲ, ನನಗೆ ಇಷ್ಟವಾಗುವುದೂ ಅದೇ. ಅಲರ್ಜಿಯಲ್ಲಿ ಹೆಚ್ಚುವ ಐಎಲ್-4, ಐಎಲ್-13 ಎಂಬ ಸಂದೇಶವಾಹಕಗಳು ಶ್ವಾಸನಾಳದ ಒಳಪದರ ತಯಾರಿಸುವ ಬ್ಯಾಕ್ಟೀರಿಯಾನಾಶಕ ಪ್ರೊಟೀನನ್ನು ತಗ್ಗಿಸುತ್ತವೆ. 2006ರಲ್ಲಿ ಅಲರ್ಜಿ ತರಿಸಿದ ಇಲಿಗಳಿಗೆ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಕೊಟ್ಟಾಗ ಶ್ವಾಸಕೋಶದಲ್ಲಿ ಅದು ಹೆಚ್ಚೇ ಉಳಿಯಿತು. 2014ರಲ್ಲಿ ಇನ್ನೊಂದು ತಂಡ ಅಂಥದೇ ಇಲಿಗಳಿಗೆ ಕ್ಲೆಬ್ಸಿಯೆಲ್ಲಾ ಎಂಬ ಬೇರೆ ಬ್ಯಾಕ್ಟೀರಿಯಾ ಕೊಟ್ಟರೆ ಫಲಿತಾಂಶ ತಿರುವುಮುರುವು: ಅಲರ್ಜಿ ಇದ್ದ ಇಲಿಗಳಲ್ಲೇ ಬ್ಯಾಕ್ಟೀರಿಯಾ ಕಡಿಮೆ! ಬ್ಯಾಕ್ಟೀರಿಯಾ ನುಂಗುವ ನ್ಯೂಟ್ರೊಫಿಲ್ ಎಂಬ ಬಿಳಿರಕ್ತ ಕಣಗಳನ್ನು ತೆಗೆದುಬಿಟ್ಟರೆ ಆ ಲಾಭವೂ ಹೋಯಿತು. ಅಂದರೆ ಬಂದ ಶತ್ರು ಯಾರು, ಆ ಹೊತ್ತಿಗೆ ಶ್ವಾಸಕೋಶದಲ್ಲಿ ಯಾವ ಕಣಗಳು ಸೇರಿದ್ದವು ಎಂಬುದರ ಮೇಲೆ ಆಟ ನಿಂತಿದೆ.

ಇಲಿಯ ಮಾತು ಇಲಿಗಿರಲಿ. ಮನುಷ್ಯರ ಲೆಕ್ಕ ಅಷ್ಟು ಉದಾರವಾಗಿಲ್ಲ. ಅಮೆರಿಕದ ಟೆನೆಸಿ ರಾಜ್ಯದಲ್ಲಿ 2ರಿಂದ 49 ವರ್ಷದವರ ದಾಖಲೆ ನೋಡಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನ್ಯುಮೋನಿಯಾ ತರುವ ನ್ಯುಮೊಕಾಕಸ್ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುವಂಥ ತೀವ್ರ ಸೋಂಕಿನ ಅಪಾಯ ಅಸ್ತಮಾ ಇದ್ದವರಿಗೆ ಕನಿಷ್ಠ ಎರಡು ಪಟ್ಟು ಇತ್ತು. ಹಾಗಾಗಿ ನ್ಯುಮೊಕಾಕಸ್ ಲಸಿಕೆಯ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಹಸುಗೂಸುಗಳಿಗೆ ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲೇ ಇದೆ. ಚಳಿಜ್ವರ, ಉಸಿರೆಳೆದಾಗ ಎದೆ ಚುಚ್ಚುವುದು, ಏದುಸಿರು ಇದ್ದರೆ ಕಫದ ಬಣ್ಣ ನೋಡುತ್ತಾ ಕೂರದೆ ಆಸ್ಪತ್ರೆಗೆ ಬನ್ನಿ.

ಆ ಹುಡುಗನ ಇನ್‌ಹೇಲರಿನ ಸೀಲನ್ನು ಅವನ ಕೈಯಲ್ಲೇ ಒಡೆಸಿದೆ. ಸ್ಪೇಸರ್, ಅಂದರೆ ಔಷಧ ಹಿಡಿದಿಡುವ ಕೊಳವೆ, ಹಾಕಿ ಮೊದಲ ಸಲ ಎಳೆದಾಗ ಕೆಮ್ಮಿದ, ಎರಡನೇ ಸಲ ಹತ್ತು ಎಣಿಸುವ ತನಕ ಉಸಿರು ಹಿಡಿದ. "ಇದು ಅಭ್ಯಾಸ ಆಗ್ಬಿಡಲ್ವಾ?" ಅಂತ ತಾಯಿ ಕೇಳಿದರು. ಇಲ್ಲೂ ಆ ಪ್ರಶ್ನೆ ಯಾರಿಗೋ ಇದ್ದೇ ಇರುತ್ತದೆ. ಮೈಕ್ ಹಿಂದಿನ ಸಾಲಿಗೆ ಕೊಡಿ.