ಕೈಮರದ ಕ್ಯೂನಲ್ಲಿ ನಿಂತುಹೋದ ಪದ್ಮಿನಿ | ಹಳೇ ಕಾರುಗಳ ಜೊತೆ ಒಂದು ರಜಾ ದಿನ

ನಮಸ್ಕಾರ. ಬೆಳಗ್ಗೆ ಆರೂವರೆ, ಹಾಸನ. ಚೋಕ್ ಎಳೆದು ಮೂರನೇ ಸಲಕ್ಕೆ ಸ್ಟಾರ್ಟ್ ಆಯಿತು, ನೋಡಿದಿರಲ್ಲ. ಮೊದಲೆರಡು ಸಲದ್ದು ವಿಡಿಯೋದಿಂದ ಕಟ್ ಮಾಡಿದ್ದೇನೆ. ಮರ್ಯಾದೆ ಪ್ರಶ್ನೆ.

ಇವತ್ತು ಜನವರಿ 26. ಐದು ಗಾಡಿ ಹೊರಟಿದ್ದೇವೆ. ನನ್ನದು 1982ರ ಪ್ರೀಮಿಯರ್ ಪದ್ಮಿನಿ. ಇನ್ನೊಂದು ಪದ್ಮಿನಿ, ಒಂದು ಅಂಬಾಸಿಡರ್, ಎಸ್ಟೇಟಿನಿಂದ ಬಂದ ಜೀಪು, ಆಮೇಲೆ ಆ ಕೆಂಪು ಮಾರುತಿ 800. ಕ್ಲಬ್ಬು ಗಿಬ್ಬು ಏನಿಲ್ಲ. ಸುಮ್ನೆ ಹೋಗಿ ಬರುವುದು. 800 ಬಂದದ್ದು ನನಗೆ ಅಷ್ಟು ಸರಿ ಕಾಣಲಿಲ್ಲ, ಇದ್ದದ್ದು ಹೇಳುತ್ತೇನೆ. ನಮ್ಮ ಬೀದಿಯ ಮೇಷ್ಟ್ರು ತರಕಾರಿ ತರುತ್ತಿದ್ದದ್ದು ಅಂಥದೇ ಕಾರಿನಲ್ಲಿ. ಅದನ್ನು ಕ್ಲಾಸಿಕ್ ಅಂದರೆ ಹೇಗೆ? ಹಾಗೆ ನೋಡಿದರೆ ನನ್ನದೂ ವಿಂಟೇಜ್ ಅಲ್ಲ. ನಿಯಮದ ಪ್ರಕಾರ 50 ವರ್ಷ ದಾಟಬೇಕು. 2032ರ ತನಕ ಇದು ಬರೀ ಹಳೇ ಕಾರು.

ಬೇಲೂರು. ಅಕ್ಕಿ ರೊಟ್ಟಿ ಆಯಿತು. ಚೆನ್ನಕೇಶವ ದೇವಸ್ಥಾನ 1117ರದು. ಜನ ಅದಕ್ಕೆ ಬೆನ್ನು ಹಾಕಿ ನಮ್ಮ ತಗಡಿನ ಡಬ್ಬಗಳ ಜೊತೆ ಸೆಲ್ಫಿ ತೆಗೆಯುತ್ತಿದ್ದರು! ಖುಷಿ ಆಯಿತು, ಸ್ವಲ್ಪ ನಾಚಿಕೆಯೂ ಆಯಿತು. ಅಲ್ಲೊಬ್ಬ ಹುಡುಗ, ಗೇರ್ ಎಲ್ಲಿ ಅಂತ ಕೆಳಗೆ ಹುಡುಕುತ್ತಿದ್ದ. ಸ್ಟೇರಿಂಗ್ ಪಕ್ಕ ಇದೆ ಕಣಪ್ಪಾ. ಸರಿ, ಹೊರಟೆವು.

ಚಿಕ್ಕಮಗಳೂರು ದಾಟಿ ಕೈಮರದ ಕಡೆ ಏರು. ಈಗ ಬರುತ್ತದೆ ನೋಡಿ ತಮಾಷೆ. ರಜಾ ದಿನ ಮುಳ್ಳಯ್ಯನಗಿರಿ ರೋಡಿಗೆ ಬರಲೇಬಾರದು, ಬುದ್ಧಿ ಇರುವವರು ಯಾರೂ ಬರುವುದಿಲ್ಲ. ಚೆಕ್‌ಪೋಸ್ಟ್ ಇನ್ನೂ ದೂರ ಇತ್ತು, ಆಗಲೇ ಕಾರಿಗೆ ಕಾರು ಅಂಟಿಕೊಂಡು ನಿಂತಿದ್ದವು. ಹತ್ತು ಅಡಿ ಹೋಗು, ನಿಲ್ಲು. ಹತ್ತು ಅಡಿ ಹೋಗು, ನಿಲ್ಲು. ಅರ್ಧ ಗಂಟೆ ಹೀಗೇ. ನನ್ನದು ಎರಡು ಸಲ ಕೆಮ್ಮಿತು, ಆಫ್ ಆಯಿತು. ಹಿಂದೆ ಹಾರ್ನೋ ಹಾರ್ನು.

ಬಾನೆಟ್ ಎತ್ತಿದೆ. ಪೆಟ್ರೋಲ್ ಕಾರ್ಬುರೇಟರ್‌ಗೆ ಬರುತ್ತಿಲ್ಲ. ವೇಪರ್ ಲಾಕ್! ನಮ್ಮ ಹಳೇ ಗಾಡಿಗಳಲ್ಲಿ ಪೆಟ್ರೋಲ್ ಪಂಪ್ ಎಂಜಿನ್‌ಗೇ ಅಂಟಿಕೊಂಡಿರುತ್ತದೆ. ಗಾಡಿ ಓಡದೆ ಗಾಳಿ ಸಿಗದಿದ್ದರೆ ಅದು ಬಿಸಿ ಆಗುತ್ತದೆ, ಒಳಗಿನ ಪೆಟ್ರೋಲ್ ಆವಿ ಆಗುತ್ತದೆ. ಆವಿಯನ್ನು ಅದು ಎಳೆಯಲಾರದು. ಮೆಕ್ಯಾನಿಕ್‌ಗಳು ಈ ಪಂಪಿಗೆ ಎ.ಸಿ. ಪಂಪ್ ಅನ್ನುತ್ತಾರೆ. ನಾನು ಜೋರಾಗಿ "ಎ.ಸಿ. ಪಂಪು ಬಿಸಿ ಆಗಿದೆ" ಅಂದೆ. ಹಿಂದಿನ ಕಾರಿನವರು ಇಳಿದು ಬಂದು, "ಸಾರ್, ಇದಕ್ಕೆ ಎಸಿ ಬೇರೆ ಇದೆಯಾ?" ಅಂದರು. ಏನು ಹೇಳಲಿ?

ಮಾಡುವುದು ಇಷ್ಟೇ, ಒದ್ದೆ ಬಟ್ಟೆ ಸುತ್ತಿ ತಣ್ಣಗಾಗುವ ತನಕ ಕಾಯಬೇಕು. ನನ್ನ ಹತ್ತಿರ ಬಟ್ಟೆ ಇಲ್ಲ, ನೀರೂ ಇಲ್ಲ. ಅಂಬಾಸಿಡರ್ ಅಂಕಲ್ ಯಾವುದೋ ಸನ್ಮಾನದಲ್ಲಿ ಹೊದಿಸಿದ ಶಾಲು ಕೊಟ್ಟರು, ಜರಿ ಅಂಚಿನದು. ನೀರು ತಂದದ್ದು ಯಾರು ಗೊತ್ತಾ? ಆ 800 ಹುಡುಗಿ. ಐದು ಲೀಟರ್ ಕ್ಯಾನು, ಸ್ಪ್ಯಾನರು, ಒಂದು ಅಡಿ ರಬ್ಬರ್ ಪೈಪು ಕೂಡ. "ಅಣ್ಣಾ, ನಿಮ್ಮ ಪೈಪು ನೋಡಿ, ಬಿರುಕು ಬಿಟ್ಟಿದೆ" ಅಂದಳು. ಈಗಿನ ಎಥನಾಲ್ ಪೆಟ್ರೋಲ್ ಹಳೇ ರಬ್ಬರಿಗೆ ಆಗಿ ಬರುವುದಿಲ್ಲ, ನನಗೂ ಗೊತ್ತು. ಗೊತ್ತಿದ್ದೂ ಬದಲಾಯಿಸಿರಲಿಲ್ಲ. ಅವಳೇ ಹಾಕಿಕೊಟ್ಟಳು. ಅಪ್ಪನ ಕಾರಂತೆ, ಕೆಲಸ ಅಪ್ಪನೇ ಕಲಿಸಿದ್ದಂತೆ. ಮಾರುತಿ 800 ಕ್ಲಾಸಿಕ್ ಕಾರು. ಮೊದಲು ಹೇಳಿದ್ದನ್ನು ಮರೆತುಬಿಡಿ.

ಇಪ್ಪತ್ತೈದು ನಿಮಿಷ ಆದ ಮೇಲೆ ಸ್ಟಾರ್ಟ್ ಆಯಿತು. ಮುಂದೆ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಕರ್ನಾಟಕದ ಅತಿ ಎತ್ತರದ ಶಿಖರಕ್ಕೆ ಅಲ್ಲಿಂದಲೇ ಕೈ ಮುಗಿದೆವು.

ಇಳಿಯುವುದು ಎರಡನೇ ಗೇರ್‌ನಲ್ಲಿ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಬಿಸಿಯಾದರೆ ಸರಿಯಾಗಿ ಹಿಡಿಯುವುದಿಲ್ಲ, ನ್ಯೂಟ್ರಲ್ ಮಾಡಿದರೆ ಅಷ್ಟೇ ಕಥೆ. ಎಡಕ್ಕೆ ನೋಡಿ, ಕಣದಲ್ಲಿ ಕಾಫಿ ಒಣಗಿಸಿದ್ದಾರೆ. ಅಯ್ಯೋ, ಶಾಟ್ ಮುಗಿದೇ ಹೋಯಿತು. ನಿಜ ಹೇಳಬೇಕೆಂದರೆ ರಸ್ತೆ ಚೆನ್ನಾಗಿದೆ. ಮುಂದಿನ ಸಲ ಮಂಗಳವಾರ ಬುಧವಾರ ನೋಡಿಕೊಂಡು ಬರುತ್ತೇನೆ.

ಇದು ಹಾಸನ, ಸಂಜೆ. ಅಂಕಲ್ ಶಾಲು ಕೇಳುತ್ತಿದ್ದಾರೆ. ಡಿಕ್ಕಿಯಲ್ಲಿದೆ, ಪೆಟ್ರೋಲ್ ವಾಸನೆ, ಜರಿಗೆಲ್ಲ ಗ್ರೀಸ್. ಕೊಡಲೋ, ಒಗೆಸಿ ಕೊಡಲೋ?