ಮೂರು ಕಪ್ಪು-ಬಿಳುಪು ರೀಲು, ಒಂದು ಬಣ್ಣದ ಚಿತ್ರ: ಟೆಕ್ನಿಕಲರ್ ಕ್ಯಾಮೆರಾದ ಒಳಗೆ

[ದೃಶ್ಯ: ಕಪ್ಪು ತೆರೆ. ನಿಧಾನವಾಗಿ ಒಂದು ಜೊತೆ ಕೆಂಪು ಬೂಟು ಕಾಣಿಸುತ್ತದೆ.]

ಧ್ವನಿ: 1939ರ 'ದಿ ವಿಝರ್ಡ್ ಆಫ್ ಆಝ್' ಚಿತ್ರದ ಬೂಟುಗಳು ಮೂಲ ಕಾದಂಬರಿಯಲ್ಲಿ ಬೆಳ್ಳಿಯವು. ತೆರೆಗೆ ಬರುವಾಗ ಅವು ಮಾಣಿಕ್ಯದ ಕೆಂಪಾದವು, ಯಾಕೆಂದರೆ ಟೆಕ್ನಿಕಲರ್ ಎಂಬ ಬಣ್ಣದ ಚಿತ್ರ ತೆಗೆಯುವ ವಿಧಾನದಲ್ಲಿ ಕೆಂಪು ಅಷ್ಟು ಚೆನ್ನಾಗಿ ಮೂಡುತ್ತಿತ್ತು. ಆದರೆ ಆ ಕೆಂಪನ್ನು ಸೆರೆಹಿಡಿದ ಫಿಲ್ಮಿನಲ್ಲಿ ಬಣ್ಣವೇ ಇರಲಿಲ್ಲ. ಕ್ಯಾಮೆರಾದೊಳಗೆ ಓಡಿದ್ದು ಮೂರು ಕಪ್ಪು-ಬಿಳುಪು ರೀಲು.

[ದೃಶ್ಯ: ಕ್ಯಾಮೆರಾದ ಸೀಳುನೋಟ. ಲೆನ್ಸ್, ಪ್ರಿಸಂ, ಎರಡು ಗೇಟು.]

ಧ್ವನಿ: 1932ರಲ್ಲಿ ಬಂದ ಈ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಒಂದು ಗಾಜಿನ ಪ್ರಿಸಂ. ಅದರ ನಡುವೆ ಓರೆಯಾಗಿ ಲೋಹದ ತೆಳು ಲೇಪ. ಬಂದ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗ ನೇರವಾಗಿ ಹಾದು, ಹಸಿರು ಫಿಲ್ಟರ್ ದಾಟಿ ಮೊದಲ ಫಿಲ್ಮಿಗೆ ಬೀಳುತ್ತದೆ. ಉಳಿದದ್ದು ಪಕ್ಕಕ್ಕೆ ತಿರುಗಿ, ಹಸಿರನ್ನು ತಡೆಯುವ ಮೆಜೆಂಟಾ (ನೇರಳೆ-ಗುಲಾಬಿ) ಫಿಲ್ಟರ್ ದಾಟುತ್ತದೆ. ಅಲ್ಲಿ ಎರಡು ಫಿಲ್ಮುಗಳು ಎಮಲ್ಷನ್‌ಗೆ (ಬೆಳಕನ್ನು ಹಿಡಿಯುವ ಲೇಪಕ್ಕೆ) ಎಮಲ್ಷನ್ ತಾಗಿಸಿಕೊಂಡು ಒಟ್ಟಿಗೆ ಓಡುತ್ತಿರುತ್ತವೆ. ಮುಂದಿನದು ನೀಲಿಯನ್ನು ಹಿಡಿಯುತ್ತದೆ. ಅದರ ಮೇಲಿನ ಕಿತ್ತಳೆ-ಕೆಂಪು ಲೇಪ ಮಿಕ್ಕ ನೀಲಿಯನ್ನು ತಡೆದು ಕೆಂಪನ್ನಷ್ಟೇ ಹಿಂದಿನ ಫಿಲ್ಮಿಗೆ ಬಿಡುತ್ತದೆ.

ಇಲ್ಲೊಂದು ದೌರ್ಬಲ್ಯವಿದೆ. ಕೆಂಪು ಬೆಳಕು ಮುಂದಿನ ಫಿಲ್ಮನ್ನು ತೂರಿಕೊಂಡೇ ಹೋಗಬೇಕು, ದಾರಿಯಲ್ಲಿ ಸ್ವಲ್ಪ ಚದುರುತ್ತದೆ. ಹಾಗಾಗಿ ಮೂರರಲ್ಲಿ ಕೆಂಪಿನ ನೆಗೆಟಿವ್ ಸದಾ ತುಸು ಮಸುಕು. ಚಿತ್ರದ ಚುರುಕೆಲ್ಲ ಹೆಚ್ಚಾಗಿ ಹಸಿರಿನ ನೆಗೆಟಿವ್‌ನಿಂದ ಬರುತ್ತದೆ.

ಬೆಳಕನ್ನು ಹೀಗೆ ಮೂರು ಪಾಲು ಮಾಡಿದರೆ ಪ್ರತಿಯೊಂದಕ್ಕೂ ಸಿಗುವುದು ಕಡಿಮೆ. ಆರಂಭದಲ್ಲಿ ಸೆಟ್ ಮೇಲೆ ಸುಮಾರು 1,000 ಫುಟ್‌ಕ್ಯಾಂಡಲ್ ಬೆಳಕು ಬೇಕಿತ್ತು, ಅಂದರೆ ಹತ್ತು ಸಾವಿರಕ್ಕೂ ಹೆಚ್ಚು ಲಕ್ಸ್. ಚೆನ್ನಾಗಿ ಬೆಳಕಿರುವ ಆಫೀಸಿನಲ್ಲಿ ಸುಮಾರು 500 ಲಕ್ಸ್ ಇರುತ್ತದೆ, ಹೋಲಿಸಿಕೊಳ್ಳಿ. 1939ರಲ್ಲಿ ಹೆಚ್ಚು ಸೂಕ್ಷ್ಮವಾದ ಫಿಲ್ಮ್ ಬಂದ ಮೇಲೆ ಈ ಕಷ್ಟ ತಗ್ಗಿತು. ಅಚ್ಚ ಬಿಳಿ ಬಟ್ಟೆ ಈ ಬೆಳಕಿಗೆ ಕಣ್ಣು ಕುಕ್ಕುತ್ತಿದ್ದರಿಂದ ಅಂಗಿಗಳಿಗೆ ಮಾಸಲು ಬಣ್ಣ ಹಾಕುತ್ತಿದ್ದರು. ತೆರೆಯ ಮೇಲೆ ಅದೇ ಬಿಳಿಯಾಗಿ ಕಾಣುತ್ತಿತ್ತು.

[ದೃಶ್ಯ: ಹಳದಿ, ಸಯಾನ್ (ಹಸಿರು-ನೀಲಿ), ಮೆಜೆಂಟಾ ಚಿತ್ರಗಳು ಒಂದರ ಮೇಲೊಂದು ಕೂರುತ್ತವೆ.]

ಧ್ವನಿ: ಬಣ್ಣ ಹುಟ್ಟುತ್ತಿದ್ದದ್ದು ಲ್ಯಾಬಿನಲ್ಲಿ. ಪ್ರತಿ ನೆಗೆಟಿವ್‌ನಿಂದ ಒಂದು ಜೆಲಟಿನ್ ಅಚ್ಚು ತೆಗೆಯುತ್ತಾರೆ. ಬೆಳಕು ಬಿದ್ದಲ್ಲಿ ಜೆಲಟಿನ್ ಗಟ್ಟಿಯಾಗುತ್ತದೆ, ಉಳಿದದ್ದು ಬಿಸಿನೀರಿನಲ್ಲಿ ತೊಳೆದುಹೋಗುತ್ತದೆ. ಉಳಿಯುವುದು ಉಬ್ಬುತಗ್ಗಿನ ಚಿತ್ರ. ದಪ್ಪವಿದ್ದಲ್ಲಿ ಹೆಚ್ಚು ಬಣ್ಣ ಹೀರುತ್ತದೆ, ತೆಳುವಿದ್ದಲ್ಲಿ ಕಡಿಮೆ. ಕೆಂಪಿನ ಅಚ್ಚಿಗೆ ಸಯಾನ್, ಹಸಿರಿನದಕ್ಕೆ ಮೆಜೆಂಟಾ, ನೀಲಿಯದಕ್ಕೆ ಹಳದಿ. ಬಣ್ಣ ಹೀರಿದ ಅಚ್ಚುಗಳನ್ನು ಒಂದಾದ ಮೇಲೊಂದು ಒಂದೇ ಖಾಲಿ ಫಿಲ್ಮಿಗೆ ಒತ್ತುತ್ತಾರೆ. ಸೀರೆಗೆ ಅಚ್ಚು ಒತ್ತುವವರು ಈ ಕೆಲಸವನ್ನು ನೋಡಿದ ಕೂಡಲೇ ಗುರುತಿಸುತ್ತಾರೆ.

ಅಚ್ಚಿನ ಕೆಲಸದ ತೊಂದರೆಯೇ ಇಲ್ಲಿನ ತೊಂದರೆಯೂ ಹೌದು: ಮೂರೂ ಒಂದೇ ಜಾಗದಲ್ಲಿ ಕೂರಬೇಕು. ತೆರೆಗೆ ಬೀಳುವ ಫ್ರೇಮಿನ ಅಗಲ ಸುಮಾರು 21 ಮಿ.ಮೀ. ಹತ್ತು ಮೀಟರ್ ತೆರೆಯಲ್ಲಿ ಅದು ಸುಮಾರು 475 ಪಟ್ಟು ಹಿಗ್ಗುತ್ತದೆ. ಅಚ್ಚು 0.05 ಮಿ.ಮೀ. ಜಾರಿದರೂ ತೆರೆಯ ಮೇಲೆ ಎರಡು ಸೆಂಟಿಮೀಟರಿಗೂ ಮೀರಿದ ಬಣ್ಣದ ಅಂಚು! ಹಳೆಯ ಪ್ರತಿ ನೋಡುವಾಗ ಬಿಳಿ ಕಾಲರ್, ಹಲ್ಲು, ಕಿಟಕಿ ಚೌಕಟ್ಟು ಗಮನಿಸಿ. ಒಂದು ಬದಿಗೆ ಕೆಂಪು, ಇನ್ನೊಂದಕ್ಕೆ ಹಸಿರು-ನೀಲಿ ಗೆರೆ ಇದ್ದರೆ ಇದೇ ಕಾರಣ. ವರ್ಷಗಳು ಕಳೆದಂತೆ ಮೂರು ನೆಗೆಟಿವ್‌ಗಳು ಬೇರೆಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ. ಆದ್ದರಿಂದ ಈಗ ಮೂರನ್ನೂ ಬೇರೆಬೇರೆ ಸ್ಕ್ಯಾನ್ ಮಾಡಿ, ಕುಗ್ಗಿದ್ದನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ಕೂರಿಸುತ್ತಾರೆ.

ಕುಗ್ಗಿದರೂ ಅವು ಮಾಸುವುದಿಲ್ಲ, ಅವುಗಳಲ್ಲಿರುವುದು ಬೆಳ್ಳಿ. 1950ರಲ್ಲಿ ಬಂದ ಈಸ್ಟ್‌ಮನ್ ಕಲರ್ ಒಂದೇ ರೀಲಿನಲ್ಲಿ ಮೂರೂ ಬಣ್ಣ ಹಿಡಿಯಿತು, ಮಾಮೂಲಿ ಕ್ಯಾಮೆರಾದಲ್ಲೇ ಓಡಿತು. ಕೆಲವೇ ವರ್ಷಗಳಲ್ಲಿ ಮೂರು ರೀಲಿನ ಕ್ಯಾಮೆರಾ ಮೂಲೆ ಸೇರಿತು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ, 1964ರ 'ಅಮರಶಿಲ್ಪಿ ಜಕಣಾಚಾರಿ', ಈಸ್ಟ್‌ಮನ್ ಕಲರ್‌ನದೇ. ಆ ಕಾಲದ ಈಸ್ಟ್‌ಮನ್ ಪ್ರತಿಗಳಲ್ಲಿ ಸಯಾನ್ ಮೊದಲು ಮಾಸುತ್ತದೆ, ಉಳಿದ ಚಿತ್ರ ಗುಲಾಬಿಗೆ ತಿರುಗುತ್ತದೆ. ಬೆಳ್ಳಿಯ ಪ್ರತ್ಯೇಕ ನೆಗೆಟಿವ್‌ಗಳನ್ನು ಮಾಡಿಟ್ಟಿರದ ಚಿತ್ರಗಳ ಬಣ್ಣ ಹೀಗೆ ಕರಗುವುದು ನಿಜಕ್ಕೂ ದೊಡ್ಡ ನಷ್ಟ.

[ದೃಶ್ಯ: ಟ್ರೈಪಾಡ್ ಮೇಲೆ ಫೋನ್, ಎದುರಿಗೆ ತರಕಾರಿ ಬುಟ್ಟಿ.]

ಧ್ವನಿ: ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಕೆಂಪು, ಹಸಿರು, ನೀಲಿ ಪಾರದರ್ಶಕ ಹಾಳೆ ತನ್ನಿ. ಫೋನನ್ನು ಟ್ರೈಪಾಡ್‌ಗೆ ಬಿಗಿದು, ಫೋಕಸ್ ಲಾಕ್ ಮಾಡಿ, ಕಪ್ಪು-ಬಿಳುಪು ಮೋಡಿನಲ್ಲಿ ಒಂದೊಂದು ಹಾಳೆ ಹಿಡಿದು ಒಂದೊಂದು ಫೋಟೋ ತೆಗೆಯಿರಿ. ಗಿಂಪ್ ತಂತ್ರಾಂಶದಲ್ಲಿ ಮೂರನ್ನೂ ತೆರೆದು ಗ್ರೇಸ್ಕೇಲ್ ಮಾಡಿ. ಕಲರ್ಸ್ ಮೆನುವಿನ ಕಾಂಪೊನೆಂಟ್ಸ್ ಒಳಗಿರುವ ಕಂಪೋಸ್ ಒತ್ತಿ, ಆರ್‌ಜಿಬಿ ಆರಿಸಿ, ಯಾವ ಹಾಳೆಯ ಫೋಟೋವೋ ಆ ಚಾನೆಲ್‌ಗೆ ಕೊಡಿ.

ಬಣ್ಣ ಪೇಲವವಾಗಿ ಬಂದರೆ ಹಾಳೆ ತೆಳುವಾಗಿದೆ, ಬೇರೆ ಬಣ್ಣದ ಬೆಳಕನ್ನೂ ಬಿಡುತ್ತಿದೆ. ಎರಡು ಪದರ ಮಡಚಿ. ಇಡೀ ಚಿತ್ರ ಒಂದು ಬಣ್ಣಕ್ಕೆ ವಾಲಿದರೆ ಆ ಚಾನೆಲ್‌ನ ಫೋಟೋ ಹೆಚ್ಚು ಬೆಳಗಿದೆ. ಪಕ್ಕದಲ್ಲೊಂದು ಬಿಳಿ ಕಾಗದವಿಟ್ಟು, ಅದು ಮೂರರಲ್ಲೂ ಒಂದೇ ಬೂದು ಬರುವಂತೆ ಎಕ್ಸ್‌ಪೋಷರ್ ಹೊಂದಿಸಿ. ಟೊಮೆಟೊ ಅಂಚಿನಲ್ಲಿ ಹಸಿರು ಗೆರೆ ಕಂಡರೆ ಹಾಳೆ ಬದಲಿಸುವಾಗ ಫೋನ್ ಅಲುಗಿದೆ. ಶಟರ್‌ಗೆ ಮೂರು ಸೆಕೆಂಡ್ ಟೈಮರ್ ಇಟ್ಟು ಮತ್ತೆ ತೆಗೆಯಿರಿ.